ಡಿಎಸ್3231 ಗಡಿಯಾರ ಬೋರ್ಡ್: ಸಾಮಾನು ಗಟ್ಟಿ, ಕೂರಿಸೋದು ಮಾತ್ರ ಗೊತ್ತಿರಬೇಕು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್‌ನಲ್ಲಿ ತೂಕ, ತೇವಾಂಶ ದಾಖಲಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸುವವರಿಗೆ, ಕರೆಂಟ್ ಹೋದರೂ ಸೆಲ್ ಮೇಲೆ ಸಮಯ ಕಾಯುವ ಈ ಬೋರ್ಡ್ ಬೇಕೇ ಬೇಕು. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಸೆಲ್ ಮೇಲೆ ಓಡುವ ಗಡಿಯಾರ ಇಲ್ಲ. ನೆಟ್ ಇಲ್ಲದ ಕಡೆ ಕರೆಂಟ್ ಹೋಗಿ ಬಂತೆಂದರೆ ದಾಖಲೆಯ ಸಮಯವೆಲ್ಲ ಹಿಂದೆ ಬೀಳುತ್ತದೆ. ಶಕ್ತಿನಗರದಲ್ಲಿ ಕರೆಂಟ್ ತಯಾರಾದರೂ ರಾಯಚೂರು ಜಿಲ್ಲೆಗೆ ಕರೆಂಟ್ ಕಟ್ ತಪ್ಪಿದ್ದಲ್ಲವಲ್ಲ.

ಮಾರುಕಟ್ಟೆಯಲ್ಲಿ ಹೆಚ್ಚು ಸಿಗೋದು ಝಡ್‌ಎಸ್-042 ಎಂದು ಅಚ್ಚಾದ ನೀಲಿ ಬೋರ್ಡ್. ಅಗ್ಗ, ಹಿಂದೆ ಗುಂಡನೆಯ ಸೆಲ್ ಹೋಲ್ಡರ್, ಜೊತೆಗೆ 4096 ಬೈಟ್‌ನ ಪುಟ್ಟ ಮೆಮೊರಿ ಚಿಪ್ ಕೂಡ ಇದೆ. ಇದರ ದೊಡ್ಡ ದೋಷ ಚಾರ್ಜಿಂಗ್ ಸರ್ಕ್ಯೂಟ್. ಒಂದು ಡಯೋಡ್, '201' ಎಂದು ಬರೆದ 200 ಓಮ್ ರೆಸಿಸ್ಟರ್, ಇವೆರಡರ ಮೂಲಕ ಸೆಲ್‌ಗೆ ಕರೆಂಟ್ ಹರಿಯುತ್ತದೆ. ಚಾರ್ಜ್ ಆಗದ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು, ಸೋರಬಹುದು. ಚಾರ್ಜ್ ಆಗುವ ಎಲ್‌ಐಆರ್2032 ಹಾಕಿದರೂ ಅದರ ಮಿತಿ 4.2 ವೋಲ್ಟ್, ಇಲ್ಲಿ ಅದೂ ಮೀರುತ್ತದೆ. ಸೋಲ್ಡರಿಂಗ್ ಐರನ್ ಹಿಡಿದು ಆ 201 ರೆಸಿಸ್ಟರ್ ಕಿತ್ತುಬಿಡಿ, ಸಾದಾ ಸಿಆರ್2032 ಹಾಕಿ.

ವಿದ್ಯುತ್ತನ್ನು ಪೈನ 1ನೇ ಪಿನ್‌ನಿಂದ, ಅಂದರೆ 3.3 ವೋಲ್ಟ್‌ನಿಂದಲೇ ಕೊಡಿ. ಬೋರ್ಡ್ ಮೇಲಿನ 4.7 ಕಿಲೋ ಓಮ್ ಪುಲ್-ಅಪ್‌ಗಳು (ಸಿಗ್ನಲ್ ವೈರನ್ನು ಸಪ್ಲೈನತ್ತ ಎಳೆದು ಹಿಡಿಯುವ ರೆಸಿಸ್ಟರ್‌ಗಳು) ಅದೇ ಸಪ್ಲೈಗೆ ಕಟ್ಟಿಕೊಂಡಿವೆ. 5 ವೋಲ್ಟ್ ಕೊಟ್ಟರೆ ಅದು ಪೈ ಪಿನ್‌ಗಳನ್ನು 3.3 ವೋಲ್ಟ್‌ಗಿಂತ ಮೇಲೆ ಎಳೆಯುತ್ತದೆ. ಡೇಟಾ ವೈರ್ ಎಸ್‌ಡಿಎ ಪೈನ 3ನೇ ಪಿನ್‌ಗೆ, ಕ್ಲಾಕ್ ವೈರ್ ಎಸ್‌ಸಿಎಲ್ 5ಕ್ಕೆ, ಗ್ರೌಂಡ್ 6ಕ್ಕೆ.

ಇನ್ನು 'ಬೋರ್ಡ್ ಸತ್ತಿದೆ' ಎಂದು ವಾಪಸ್ ಕಳಿಸುವವರ ವಿಷಯ. ಬಹುಪಾಲು ಸಲ ಚಿಪ್ ಚೆನ್ನಾಗೇ ಇರುತ್ತದೆ, ಕರ್ನಲ್‌ಗೆ, ಅಂದರೆ ಪೈನ ಲಿನಕ್ಸ್‌ನ ತಿರುಳಿಗೆ, ಅದನ್ನು ಪರಿಚಯಿಸಿರೋದಿಲ್ಲ. ಈ ಬೋರ್ಡ್ ಪೈ ಜೊತೆ ಮಾತಾಡೋದು ಐ2ಸಿ ಎಂಬ ಎರಡು ವೈರಿನ ಬಸ್ (ಹಲವು ಸಾಧನ ಹಂಚಿಕೊಳ್ಳುವ ದಾರಿ) ಮೇಲೆ. ಯುಎಸ್‌ಬಿಯಂತೆ ಐ2ಸಿ ಸಾಧನ ತಾನು ಯಾರೆಂದು ಹೇಳಿಕೊಳ್ಳುವುದಿಲ್ಲ. ಆ ಮಾತನ್ನು ನಾವೇ ಹೇಳಬೇಕು. ಕರ್ನಲ್‌ನಲ್ಲಿ ಪ್ರತಿ ಬಸ್‌ಗೂ ಎರಡು ಪಟ್ಟಿ: ಒಂದು ಡಿವೈಸ್‌ಗಳದ್ದು, ಇನ್ನೊಂದು ಅವನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರ್‌ಗಳದ್ದು. ಯಾವ ಪಟ್ಟಿಗೆ ಹೊಸದು ಸೇರಿದರೂ ಬಸ್ ಇನ್ನೊಂದನ್ನು ತಡಕಿ ಹೆಸರು ತಾಳೆ ನೋಡುತ್ತದೆ. ತಾಳೆಯಾದರೆ ಡ್ರೈವರ್‌ನ ಪ್ರೋಬ್, ಅಂದರೆ ಸಾಧನವನ್ನು ಪರೀಕ್ಷಿಸಿ ಸಜ್ಜು ಮಾಡುವ ಭಾಗ, ಓಡುತ್ತದೆ. ಹಾಗಾಗಿ ಮೊದಲು ಡಿವೈಸ್ ಬಂತೋ ಡ್ರೈವರ್ ಬಂತೋ ಎಂಬುದು ಮುಖ್ಯವಲ್ಲ.

ಪ್ರಯೋಗಕ್ಕಾದರೆ ಐ2ಸಿ-1 ಬಸ್‌ನ 'ನ್ಯೂ ಡಿವೈಸ್' ಫೈಲಿಗೆ ಚಿಕ್ಕಕ್ಷರದಲ್ಲಿ ds3231 ಎಂಬ ಹೆಸರು ಮತ್ತು ಚಿಪ್‌ನ ವಿಳಾಸವಾದ ಹೆಕ್ಸ್ 68 (0x68) ಬರೆದರೆ ಸಾಕು. ಆದರೆ ಅಲ್ಲೊಂದು ಗುಂಡಿ ಇದೆ. ಡಿಎಸ್ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆದರೂ ಕರ್ನಲ್ ಗೊಣಗದೆ ಡಿವೈಸ್ ಸೃಷ್ಟಿಸುತ್ತದೆ, ಡ್ರೈವರ್ ಮಾತ್ರ ಅಂಟುವುದಿಲ್ಲ. ಹೋಲಿಕೆ ಅಕ್ಷರಶಃ ನಡೆಯುತ್ತದೆ. ಡಿಎಸ್1307 ಎಂದು ಕೊಟ್ಟರೆ ಇನ್ನೂ ಮಜಾ: ಎರಡಕ್ಕೂ ಡ್ರೈವರ್ ಒಂದೇ ಆದ್ದರಿಂದ ಸಮಯ ಸರಿಯಾಗೇ ಬರುತ್ತದೆ, ಚಿಪ್‌ನೊಳಗಿನ ಥರ್ಮಾಮೀಟರ್ ಮಾತ್ರ ಕಾಣೋದೇ ಇಲ್ಲ. ಹೀಗೆ ಬರೆದದ್ದು ರೀಬೂಟ್ ಆದರೆ ಹೋಗುತ್ತದೆ. ಕಾಯಂ ಬೇಕಾದರೆ ಬೂಟ್ ಕಾನ್ಫಿಗ್ ಫೈಲಿನಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇಯನ್ನು (ಬೂಟ್ ಆಗುವಾಗ ಸಾಧನವನ್ನು ಕರ್ನಲ್‌ಗೆ ಪರಿಚಯಿಸುವ ತುಣುಕು) ಡಿಎಸ್3231 ಹೆಸರಿನೊಂದಿಗೆ ಸೇರಿಸಿ, ಗಡಿಯಾರ ಇಲ್ಲದಾಗ ಹಿಂದೆ ಉಳಿಸಿದ ಸಮಯ ತುಂಬುವ ಫೇಕ್-ಹೆಚ್‌ಡಬ್ಲ್ಯುಕ್ಲಾಕ್ ಪ್ಯಾಕೇಜ್ ತೆಗೆಯಿರಿ.

ಬಸ್‌ನ ಯಾವ ವಿಳಾಸದಲ್ಲಿ ಚಿಪ್ ಇದೆ ಎಂದು ತೋರಿಸುವ ಐ2ಸಿ-ಡಿಟೆಕ್ಟ್ ಕಮಾಂಡ್ ಓಡಿಸಿ ನೋಡಿ. 68ರ ಜಾಗದಲ್ಲಿ ಬರೀ ಗೆರೆ ಇದ್ದರೆ ವೈರಿಂಗ್ ತಪ್ಪು. 68 ಇದ್ದರೆ ಚಿಪ್ ಓಗೊಡುತ್ತಿದೆ, ಡ್ರೈವರ್ ಅಂಟಿಲ್ಲ. 'ಯುಯು' ಇದ್ದರೆ ಡ್ರೈವರ್ ಹಿಡಿದಿದೆ. ಆಮೇಲೆ ವೈರ್ ಕಿತ್ತರೂ ಅದು ಯುಯು ಎಂದೇ ತೋರಿಸುತ್ತದೆ, ಅದನ್ನೇ ನಂಬಿ ಕೂರಬೇಡಿ. ಪಕ್ಕದಲ್ಲಿ 57 ಕಂಡರೆ ಅದು ಮೆಮೊರಿ ಚಿಪ್. ಅದಕ್ಕೆ ಬೇರೆ ನೋಂದಣಿ ಬೇಕು, ಹೆಸರು 24ಸಿ32.

ಜಂಪರ್ ವೈರ್ ಸಡಿಲವಿದ್ದಾಗ ಬೂಟ್ ಆದರೆ ಕರ್ನಲ್ ಲಾಗ್‌ನಲ್ಲಿ ಪ್ರೋಬ್ ಸೋತು ಮೈನಸ್ 121, ಅಂದರೆ ಚಿಪ್ ಉತ್ತರಿಸಲಿಲ್ಲ ಎಂಬ ದೋಷ ಸಂಖ್ಯೆ, ಬರುತ್ತದೆ. ಆಗ 1-0068 (ಬಸ್ 1, ವಿಳಾಸ 68) ಎಂಬ ಡಿವೈಸ್ ಪಟ್ಟಿಯಲ್ಲಿ ಇರುತ್ತದೆ, ಡ್ರೈವರ್ ಇರುವುದಿಲ್ಲ. ವೈರ್ ಒತ್ತಿದ ಮಾತ್ರಕ್ಕೆ ಕರ್ನಲ್ ತಾನಾಗಿ ಮತ್ತೆ ಯತ್ನಿಸುವುದಿಲ್ಲ. ಡ್ರೈವರ್ ಫೋಲ್ಡರ್‌ನ 'ಬೈಂಡ್' ಫೈಲಿಗೆ 1-0068 ಬರೆಯಿರಿ, ಇಲ್ಲವೇ ರೀಬೂಟ್ ಮಾಡಿ. ಎಂಪಿಯು-6050 ಚಲನೆಯ ಸೆನ್ಸರ್ ಇದೇ ಬಸ್ ಮೇಲಿದ್ದರೆ ಅದರದ್ದೂ ವಿಳಾಸ 68. ಅದರ ಎಡಿ0 ಪಿನ್ ಅನ್ನು 3.3 ವೋಲ್ಟ್‌ಗೆ ಕಟ್ಟಿ 69 ಮಾಡಿಕೊಳ್ಳಿ.

ನಿಖರತೆಗೆ ಪೂರ್ತಿ ಅಂಕ ಕೊಡುತ್ತಿದ್ದೆ, ಆದರೆ ಬೇಸಿಗೆ ನಮ್ಮದು. 0ರಿಂದ 40 ಡಿಗ್ರಿ ಒಳಗೆ ವ್ಯತ್ಯಾಸ 2 ಪಿಪಿಎಂ (ಹತ್ತು ಲಕ್ಷಕ್ಕೆ 2), ಅಂದರೆ ವರ್ಷಕ್ಕೆ ಹೆಚ್ಚೆಂದರೆ 63 ಸೆಕೆಂಡ್ ಆಚೀಚೆ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ತಗಡಿನ ಡಬ್ಬಿಯೊಳಗೆ 40 ದಾಟೋದು ಮಾಮೂಲು. ಅಲ್ಲಿ ಭರವಸೆ 3.5 ಪಿಪಿಎಂಗೆ ಇಳಿಯುತ್ತದೆ, ವರ್ಷಕ್ಕೆ 110 ಸೆಕೆಂಡ್ ಹತ್ತಿರ. ಲಾರಿ ತೂಕದ ಚೀಟಿಗೆ ಇದು ಲೆಕ್ಕಕ್ಕೇ ಇಲ್ಲ. ಕೊಳ್ಳುವಾಗ ಚಿಪ್ ಮೇಲೆ ಎಸ್‌ಎನ್ ಎಂದಿದೆಯೋ ಎಂ ಎಂದಿದೆಯೋ ನೋಡಿ: ಎಂ ಇದ್ದರೆ 5 ಪಿಪಿಎಂ. ಪೈ 5 ಇದ್ದವರಿಗೆ ಈ ಬೋರ್ಡೇ ಬೇಡ. ಅದರಲ್ಲಿ ಗಡಿಯಾರ ಒಳಗೇ ಇದೆ, ಸೆಲ್ ಜೋಡಿಸಿದರಾಯಿತು. ಆದರೂ ಹಾಕಿದರೆ ಇದು ಎರಡನೇ ಗಡಿಯಾರ, ಅಂದರೆ ಆರ್‌ಟಿಸಿ1 ಆಗುತ್ತದೆ, ಗಡಿಯಾರ ಓದುವ, ಹೊಂದಿಸುವ ಹೆಚ್‌ಡಬ್ಲ್ಯುಕ್ಲಾಕ್ ಕಮಾಂಡ್‌ಗೆ ಆ ಹೆಸರನ್ನೇ ಕೊಡಬೇಕು.