ಅಗ್ಗದ ಸರ್ವರ್‌ಗೆ ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ಮುಂಚೆ

ತೀರಾ ಅಗ್ಗದ ವಿಪಿಎಸ್ (ಒಂದು ದೊಡ್ಡ ಮೆಷಿನ್ ಅನ್ನು ಪಾಲು ಮಾಡಿ ಬಾಡಿಗೆಗೆ ಕೊಡುವ ಸರ್ವರ್) ಜಾಹೀರಾತು ನೋಡಿ, ಮೂರು ವರ್ಷದ ದುಡ್ಡು ಒಂದೇ ಸಲ ಕಟ್ಟಿಬಿಡೋಣ ಅಂತ ಕಾರ್ಡ್ ಕೈಗೆ ತಗೊಂಡಿದ್ದೀರಾ? ಸ್ವಲ್ಪ ತಡೆಯಿರಿ. ನಾವು ಒಂದಷ್ಟು ಗೆಳೆಯರು ಸೇರಿ ಪುಸ್ತಕ ಹಂಚಿಕೊಳ್ಳುವ ಜಾಲತಾಣವೊಂದನ್ನು ನಡೆಸುತ್ತೇವೆ. ಅದನ್ನು ಅಂಥದೊಂದು ಕಂಪನಿಯಲ್ಲಿ ಇಟ್ಟಿದ್ದೆವು. ತಾಣ ದೊಡ್ಡದೇನಲ್ಲ. ಯಾರ ಹತ್ತಿರ ಯಾವ ಪುಸ್ತಕ ಇದೆ, ಯಾರು ಓದಲು ಒಯ್ದಿದ್ದಾರೆ, ಯಾವಾಗ ವಾಪಸ್ ಬರಬೇಕು ಅನ್ನುವ ಪಟ್ಟಿ. ಜೊತೆಗೆ ಪುಸ್ತಕಗಳ ಫೋಟೋ, ವಾಪಸ್ ಕೊಡಿ ಅಂತ ನೆನಪಿಸುವ ಮೇಲ್. ಇಷ್ಟಕ್ಕೆಲ್ಲ ದುಬಾರಿ ಸರ್ವರ್ ಯಾಕೆ ಅನ್ನುವುದು ಎಲ್ಲರ ಮಾತಾಗಿತ್ತು. ಆ ಮಾತು ನನಗೆ ಈಗಲೂ ಸರಿ ಅಂತಲೇ ಕಾಣುತ್ತದೆ.

ಆದರೆ ಅಗ್ಗದಲ್ಲೂ ಎರಡು ಬಗೆ ಇದೆ. ಕೊಡುವುದನ್ನು ಕಡಿಮೆ ಮಾಡಿ, ಹಾಗಂತ ಬಾಯಿಬಿಟ್ಟು ಹೇಳಿ, ಕಡಿಮೆ ದುಡ್ಡು ತಗೊಳ್ಳುವವರು ಒಂದು ಕಡೆ. ಕೈಲಾಗದ್ದನ್ನೆಲ್ಲ ಕೊಡುತ್ತೇವೆ ಅಂತ ಬರೆದು ಕಡಿಮೆ ದುಡ್ಡು ಕೇಳುವವರು ಇನ್ನೊಂದು ಕಡೆ. ನಮಗೆ ಸಿಕ್ಕಿದ್ದು ಎರಡನೇ ಬಗೆಯವರು. 4 ಜಿಬಿ ರ‍್ಯಾಮ್, ಮಿತಿಯಿಲ್ಲದ ಡೇಟಾ, 99.9% ಅಪ್‌ಟೈಮ್ (ನಿಲ್ಲದೆ ಓಡುವ ಹೊತ್ತು), ಮೂರು ವರ್ಷಕ್ಕೆ ಕಟ್ಟಿದರೆ ಡೊಮೇನ್ (ತಾಣದ ಹೆಸರು) ಉಚಿತ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ಮೊದಮೊದಲು ಸರ್ವರ್ ಚೆನ್ನಾಗಿಯೇ ಓಡಿತು. ಇದನ್ನು ಒತ್ತಿ ಹೇಳಬೇಕು. ಯಾಕೆಂದರೆ ಇಂಥ ಕಂಪನಿಗಳ ಬಗ್ಗೆ ನೀವು ಓದುವ ಹೊಗಳಿಕೆಯೆಲ್ಲ ಆ ಮೊದಲ ವಾರದ್ದೇ ಆಗಿರುತ್ತದೆ. ಆಫರ್ ಬಿಟ್ಟಾಗ ಹೊಸ ನೋಡ್ (ಹಲವರ ವಿಪಿಎಸ್ ಹೊತ್ತ ದೊಡ್ಡ ಮೆಷಿನ್) ಹಾಕುತ್ತಾರೆ. ಅದರಲ್ಲಿ ಇನ್ನೂ ಜನ ತುಂಬಿರುವುದಿಲ್ಲ. ಕೊಂಡವರು ಉತ್ಸಾಹದಲ್ಲಿ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿ, ಸ್ಕ್ರೀನ್‌ಶಾಟ್ ಹಾಕಿ, ಐದು ಸ್ಟಾರ್ ಕೊಟ್ಟು ಹೋಗುತ್ತಾರೆ. ದುಡ್ಡು ವಾಪಸ್ ಕೇಳುವ ಅವಧಿ ಮುಗಿಯುತ್ತದೆ. ನೋಡ್ ನಿಧಾನಕ್ಕೆ ತುಂಬುತ್ತಾ ಹೋಗುತ್ತದೆ. ಆರು ತಿಂಗಳ ನಂತರದ ಬೆಂಚ್‌ಮಾರ್ಕನ್ನು ಯಾರೂ ಹಾಕುವುದಿಲ್ಲ.

ನಮ್ಮ ಸರ್ವರ್ ಮೊದಲು ಸಂಜೆ ಹೊತ್ತು ತೆವಳತೊಡಗಿತು. ಲಾಗಿನ್ ಆಗಿ ನೋಡಿದರೆ ತಾಣದಲ್ಲಿ ನಾಲ್ಕು ಜನರೂ ಇಲ್ಲ. ಲೋಡ್ (ಕೆಲಸದ ಹೊರೆ) ಮಾತ್ರ ಏರುತ್ತಲೇ ಇದೆ. ಸರ್ವರ್‌ನಲ್ಲಿ ಏನೇನು ಓಡುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಕೊಟ್ಟಾಗ ಮೇಲೆ ಸಿಪಿಯು ಸಾಲು ಬರುತ್ತದಲ್ಲ, ಅದರ ತುದಿಯಲ್ಲಿ ಎಸ್‌ಟಿ ಅಂತ ಒಂದು ಅಂಕಿ ಇರುತ್ತದೆ. ಹೆಚ್ಚಿನವರು ಅದರ ಕಡೆ ಕಣ್ಣು ಹಾಯಿಸುವುದೇ ಇಲ್ಲ. ನಿಮ್ಮ ಸರ್ವರ್‌ಗೆ ಕೆಲಸ ಇತ್ತು, ಸಿಪಿಯು ಬೇಕಿತ್ತು, ಆದರೆ ಆ ಹೊತ್ತಿಗೆ ಹೈಪರ್‌ವೈಸರ್ (ಮೆಷಿನ್ ಅನ್ನು ಎಲ್ಲರಿಗೂ ಹಂಚುವ ಸಾಫ್ಟ್‌ವೇರ್) ಅದನ್ನು ಬೇರೆಯವರಿಗೆ ಕೊಟ್ಟಿತ್ತು ಅಂತ ಆ ಅಂಕಿ ಹೇಳುತ್ತದೆ. ಒಳ್ಳೆಯ ಕಡೆ ಅದು ಸೊನ್ನೆಯ ಆಸುಪಾಸು ಇರುತ್ತದೆ. ನಮ್ಮದು 30% ದಾಟುತ್ತಿತ್ತು. ಅಂದರೆ ಓಡಬೇಕಾದ ಹೊತ್ತಿನಲ್ಲಿ ಮೂರನೇ ಒಂದು ಪಾಲು ಸುಮ್ನೆ ಕಾಯುವುದರಲ್ಲೇ ಕಳೆಯುತ್ತಿತ್ತು. ಅದೇ ಸಾಲಿನಲ್ಲಿ ಡಬ್ಲ್ಯೂಎ ಅಂತ ಇನ್ನೊಂದು ಅಂಕಿ ಇದೆ, ಅದು ಡಿಸ್ಕ್‌ಗಾಗಿ ಕಾಯುವ ಹೊತ್ತು. ರಾತ್ರಿ ಹನ್ನೆರಡಾದರೆ ಸಾಕು, ನೋಡ್‌ನಲ್ಲಿ ಇರುವವರೆಲ್ಲರ ಕ್ರಾನ್ ಜಾಬ್ (ಗೊತ್ತುಮಾಡಿದ ಹೊತ್ತಿಗೆ ತಾನಾಗೇ ಓಡುವ ಕೆಲಸ) ಒಟ್ಟಿಗೆ ಎದ್ದು, ನಮ್ಮ ಡಬ್ಲ್ಯೂಎ ಕೂಡ ಗಗನಕ್ಕೆ ಹೋಗುತ್ತಿತ್ತು. (ನಿಮ್ಮ ಕ್ರಾನ್ ಎಲ್ಲೇ ಇರಲಿ, 2 ಗಂಟೆ 37 ನಿಮಿಷದಂಥ ಹೊತ್ತಿಗೆ ಹಾಕಿಕೊಳ್ಳಿ. ಯಾರಿಗೂ ತೊಂದರೆಯಿಲ್ಲ.)

ಕಂಪನಿಗೆ ಟಿಕೆಟ್ (ದೂರು) ಹಾಕಿದೆವು, ಟಾಪ್‌ನ ಚಿತ್ರ ಸಮೇತ. ಬಂದ ಉತ್ತರ: "ನಮ್ಮ ನೋಡ್ ಸರಿಯಾಗಿದೆ, ನಿಮ್ಮ ಸಾಫ್ಟ್‌ವೇರ್ ಸರಿಪಡಿಸಿಕೊಳ್ಳಿ." ಎಸ್‌ಟಿ ನಮ್ಮ ಸಾಫ್ಟ್‌ವೇರ್‌ನಿಂದ ಬರುವುದಲ್ಲ ಅಂತ ಬರೆದೆವು. ಅದೇ ಉತ್ತರ, ಅಕ್ಷರ ಕೂಡ ಆಚೀಚೆಯಾಗದೆ, ಮತ್ತೆ ಬಂತು. ಆಮೇಲೆ ಟಿಕೆಟ್ ತಾನಾಗೇ ಕ್ಲೋಸ್ ಆಯಿತು.

ಇದು ಯಾಕೆ ಹೀಗಾಗುತ್ತದೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸರ್ವರ್ ಓಡಿಸುವವನಿಗೆ ಕರೆಂಟು, ರ‍್ಯಾಕ್‌ನ ಬಾಡಿಗೆ, ಹಾರ್ಡ್‌ವೇರ್, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಸರ್ವರ್‌ನ ಗುರುತಿನ ಸಂಖ್ಯೆ), ಜನ ಇವೆಲ್ಲದರ ಖರ್ಚು ಇದ್ದೇ ಇದೆ. ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಅಲ್ಲಿಂದ ಅವು ಕೊಂಡು ಮಾರುವ ಸರಕು. ಅಮೆಜಾನ್‌ನ ಕ್ಲೌಡ್ ಸೇವೆ ಕೂಡ 2024ರ ಫೆಬ್ರವರಿಯಿಂದ ಪ್ರತಿಯೊಂದು ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಬೇರೆ ದುಡ್ಡು ತಗೊಳ್ಳುತ್ತಿದೆ. ಹೀಗಿರುವಾಗ ವಿಳಾಸ, ರ‍್ಯಾಮ್, ಡಿಸ್ಕ್ ಎಲ್ಲ ಸೇರಿಸಿ ಚಿಲ್ಲರೆ ದುಡ್ಡಿಗೆ ಕೊಡುತ್ತೇನೆ ಅನ್ನುವವನು ಎಲ್ಲಿ ಉಳಿಸುತ್ತಾನೆ? ಉಳಿಸಲು ಇರುವುದು ಎರಡೇ ಜಾಗ. ಜನ ಇಡದೆ ಇರುವುದು, ಇರುವ ಮೆಷಿನ್ ಅನ್ನು ಮತ್ತೆ ಮತ್ತೆ ಮಾರುವುದು. 64 ಜಿಬಿ ಇರುವ ಮೆಷಿನ್‌ನಲ್ಲಿ 4 ಜಿಬಿಯ ಸರ್ವರ್‌ಗಳು 16 ಹಿಡಿಯುತ್ತವೆ. ಎಲ್ಲರೂ ಪೂರ್ತಿ ಬಳಸುವುದಿಲ್ಲ ಅಂತ ನಂಬಿ 40 ಮಾರಿದರೆ ಅದು ಓವರ್‌ಸೆಲ್ಲಿಂಗ್. ಸಿಪಿಯು ವಿಷಯದಲ್ಲಿ ಇದನ್ನು ಸ್ವಲ್ಪಮಟ್ಟಿಗೆ ಎಲ್ಲರೂ ಮಾಡುತ್ತಾರೆ, ಅದು ಮೋಸವೇನಲ್ಲ. ಎಷ್ಟರ ಮಟ್ಟಿಗೆ ಅನ್ನುವುದರಲ್ಲಿ ಎಲ್ಲ ಇದೆ.

ಮಿತಿಯಿಲ್ಲದ ಡೇಟಾ ಅಂದದ್ದಕ್ಕೂ ಮಿತಿ ಇದೆ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ತಿಂಗಳಿಡೀ ಹಗಲು ರಾತ್ರಿ ತುಂಬಿ ಹರಿಸಿದರೂ ದಾಟುವುದು ಸುಮಾರು 32 ಟಿಬಿ. ಅದರ ಹತ್ತಿರಕ್ಕೂ ಹೋಗಲು ಬಿಡುವುದಿಲ್ಲ. ನಿಯಮಗಳ ಪುಟದ ಕೆಳಗೆಲ್ಲೋ "ನ್ಯಾಯಯುತ ಬಳಕೆ" ಅಂತ ಒಂದು ಸಾಲು ಇರುತ್ತದೆ. ಸಿಪಿಯು, ಡಿಸ್ಕ್ ಯಾವುದನ್ನೇ ಆದರೂ ಜಾಸ್ತಿ ಬಳಸಿದಿರಿ ಅಂತ ಅವರಿಗೆ ಅನ್ನಿಸಿದರೆ ಹೇಳದೆ ಕೇಳದೆ ನಿಲ್ಲಿಸುವ ಹಕ್ಕು ಅವರದು. ಜಾಸ್ತಿ ಅಂದರೆ ಎಷ್ಟು ಅಂತ ಮಾತ್ರ ಬರೆದಿರುವುದಿಲ್ಲ.

ಈ ಸಾಲು ನಮ್ಮ ಮೇಲೆ ಬಿದ್ದದ್ದು ಯಾವಾಗ ಗೊತ್ತಾ? ಬೇರೆ ಕಡೆ ಹೋಗೋಣ ಅಂತ ಪೂರ್ತಿ ಬ್ಯಾಕಪ್ ತೆಗೆಯಲು ಕೂತಾಗ. ಫೋಟೋಗಳನ್ನೆಲ್ಲ ಒಂದು ಫೈಲ್‌ಗೆ ಕಟ್ಟಿ ಕಂಪ್ರೆಸ್ ಮಾಡುವ ಕೆಲಸ ಯಾವ ಸಿಪಿಯುವನ್ನೂ ಸ್ವಲ್ಪ ಹೊತ್ತು ಪೂರ್ತಿ ಹಿಡಿದಿಡುತ್ತದೆ. ಅರ್ಧದಲ್ಲೇ ಸರ್ವರ್ ಸಸ್ಪೆಂಡ್. ಕಾರಣ: ಸಂಪನ್ಮೂಲದ ದುರ್ಬಳಕೆ. ನಾವು ದುಡ್ಡು ಕೊಟ್ಟ ಸರ್ವರ್‌ನಲ್ಲಿ ನಮ್ಮದೇ ಫೈಲ್ ಕಟ್ಟಿದ್ದು ದುರ್ಬಳಕೆ! ಬೇಡಿಕೊಂಡ ಮೇಲೆ ಬಿಟ್ಟರು. ಇಂಥ ಕಡೆ ಸಿಕ್ಕಿಬಿದ್ದಿದ್ದರೆ ಬ್ಯಾಕಪ್ಪನ್ನು ನೈಸ್, ಅಯಾನೈಸ್ (ಸಿಪಿಯು, ಡಿಸ್ಕ್‌ನ ಸರದಿಯಲ್ಲಿ ಒಂದು ಕೆಲಸವನ್ನು ಹಿಂದಕ್ಕೆ ಹಾಕುವ ಕಮಾಂಡ್‌ಗಳು) ಹಾಕಿ ಓಡಿಸಿ. ಅಥವಾ ಒಂದು ಫೈಲ್‌ಗೆ ಕಟ್ಟುವ ಗೋಜಿಗೇ ಹೋಗದೆ ಆರ್‌ಸಿಂಕ್ ಅನ್ನುವ ಫೈಲ್ ನಕಲು ಮಾಡುವ ಪ್ರೋಗ್ರಾಮ್‌ನಲ್ಲಿ ವೇಗದ ಮಿತಿ ಹಾಕಿ ನಿಧಾನಕ್ಕೆ ಎಳೆದುಕೊಳ್ಳಿ.

ಮೇಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಅಗ್ಗ ಅಂದಲ್ಲಿ ಸ್ಪ್ಯಾಮ್ ಕಳಿಸುವವರು ಮೊದಲು ಬಂದು ಕೂರುತ್ತಾರೆ. ಅವರಿಂದಾಗಿ ಆ ಐಪಿಗಳ ಗುಂಪೇ ಬ್ಲಾಕ್‌ಲಿಸ್ಟ್ ಸೇರುತ್ತದೆ. ನಿಮ್ಮ ಪಾಡಿಗೆ ನೀವು ಪುಸ್ತಕ ವಾಪಸ್ ಕೊಡಿ ಅಂತ ಮೇಲ್ ಕಳಿಸಿದರೂ ಅದು ಸ್ಪ್ಯಾಮ್ ಫೋಲ್ಡರ್‌ನಲ್ಲೇ ಬೀಳುತ್ತದೆ, ಇಲ್ಲವೇ ತಲುಪುವುದೇ ಇಲ್ಲ. ಐಪಿ ಬದಲಿಸಿ ಕೊಡಿ ಅಂದರೆ ಅದಕ್ಕೆ ಬೇರೆ ದುಡ್ಡು. ಬದಲಿಸಿ ಕೊಟ್ಟದ್ದೂ ಅದೇ ಗುಂಪಿನದ್ದು.

ಆಮೇಲೆ ಒಂದು ಬೆಳಗ್ಗೆ ತಾಣ ಇಲ್ಲ. ಕಂಪನಿಯ ಕಂಟ್ರೋಲ್ ಪ್ಯಾನೆಲ್ ತೆರೆದರೆ ಅದರ ಸರ್ಟಿಫಿಕೇಟ್ (ತಾಣ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಪತ್ರ) ಅವಧಿ ಮುಗಿದಿದೆ ಅಂತ ಬ್ರೌಸರ್ ಎಚ್ಚರಿಸಿತು. ಆಗಲೇ ಎದೆ ಧಸಕ್ಕೆಂದಿತು, ಯಾಕೆಂದರೆ ಸರ್ಟಿಫಿಕೇಟ್ ನವೀಕರಿಸಲೂ ಅಲ್ಲಿ ಯಾರಿಲ್ಲ ಅಂತಾಯಿತಲ್ವಾ. ಸರ್ವರ್‌ಗಳ ಸ್ಥಿತಿ ತೋರಿಸುವ ಸ್ಟೇಟಸ್ ಪುಟದಲ್ಲಿ ಎಲ್ಲ ಹಸಿರು, ಅಂದರೆ ಎಲ್ಲ ಸರಿ. ಮಧ್ಯಾಹ್ನದ ಹೊತ್ತಿಗೆ ಆ ಪುಟವೂ ಮಾಯ. ಅದನ್ನೂ ಅದೇ ನೆಟ್‌ವರ್ಕ್‌ನಲ್ಲೇ ಇಟ್ಟಿದ್ದರು. ಟಿಕೆಟ್, ಮೇಲ್, ಯಾವುದಕ್ಕೂ ಸದ್ದಿಲ್ಲ ಸುದ್ದಿಯಿಲ್ಲ.

ಐಪಿ ವಿಳಾಸದ ಹೂಈಸ್ (ಯಾರ ಹೆಸರಿನಲ್ಲಿದೆ ಅಂತ ತೋರಿಸುವ ದಾಖಲೆ) ತೆಗೆದು ನೋಡಿದರೆ ಅದರ ಮಾಲೀಕರು ಬೇರೆಯೇ ಡೇಟಾ ಸೆಂಟರ್. ನಮ್ಮ ಕಂಪನಿ ಅಲ್ಲಿ ಮೆಷಿನ್ ಬಾಡಿಗೆಗೆ ತಗೊಂಡು, ತುಂಡು ಮಾಡಿ ಮಾರುತ್ತಿದ್ದ ರೀಸೆಲ್ಲರ್ ಅಷ್ಟೇ. ಡೇಟಾ ಸೆಂಟರ್‌ಗೆ ಬರೆದೆವು. ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು: "ನಮ್ಮ ಗ್ರಾಹಕರು ಆ ಕಂಪನಿಯವರು, ನೀವಲ್ಲ. ಬಾಕಿ ಇರುವುದರಿಂದ ಮೆಷಿನ್ ನಿಲ್ಲಿಸಿದ್ದೇವೆ. ಬೇರೆಯವರ ಮೆಷಿನ್‌ನಲ್ಲಿರುವ ಡೇಟಾವನ್ನು ನಿಮಗೆ ಕೊಡುವ ಹಾಗಿಲ್ಲ." ಅವರ ಮಾತೂ ನ್ಯಾಯವೇ. ನಾಳೆ ಯಾರೋ ಬರೆದು ನಮ್ಮ ಡೇಟಾ ಕೇಳಿದರೆ ಕೊಡಬಾರದಲ್ಲ.

ಪುಸ್ತಕದ ಪಟ್ಟಿ ಉಳಿಯಿತು. ಡೇಟಾಬೇಸ್‌ನ ಡಂಪ್ (ಪೂರ್ತಿ ನಕಲು) ದಿನಾ ರಾತ್ರಿ ಬೇರೆ ಕಡೆಗೆ ಹೋಗುತ್ತಿತ್ತು. ಫೋಟೋಗಳು ಉಳಿಯಲಿಲ್ಲ. ಅವಕ್ಕೆ ಬೇರೆ ದುಡ್ಡು ಕೊಟ್ಟು ಕಂಪನಿಯದೇ ಬ್ಯಾಕಪ್ ಸೇವೆ ತಗೊಂಡಿದ್ದೆವು. ಆ ಬ್ಯಾಕಪ್ ಕೂತಿದ್ದದ್ದು ಅದೇ ಡೇಟಾ ಸೆಂಟರ್‌ನಲ್ಲಿ, ಅದೇ ಖಾತೆಯ ಇನ್ನೊಂದು ಮೆಷಿನ್‌ನಲ್ಲಿ. ಒಂದು ನಿಂತಾಗ ಅದೂ ನಿಂತಿತು. ಇದು ಸಣ್ಣ ಕಂಪನಿಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಬ್ಯಾಕಪ್ಪೂ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಅದು ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದು. ಬ್ಯಾಕಪ್ ತಗೊಳ್ಳುವಾಗ ಅದು ಯಾವ ಕಟ್ಟಡದಲ್ಲಿ, ಯಾರ ಖಾತೆಯಲ್ಲಿ ಇರುತ್ತದೆ ಅಂತ ಕೇಳಿ. ಉತ್ತರ ಬರದಿದ್ದರೆ ಬ್ಯಾಕಪ್ ಇಲ್ಲ ಅಂತಲೇ ಹಿಡಿಯಿರಿ.

ಎಲ್ಲಕ್ಕಿಂತ ಹೈರಾಣ ಮಾಡಿದ್ದು ಆ ಉಚಿತ ಡೊಮೇನ್. ಸರ್ವರ್ ಹೋದರೆ ಇನ್ನೊಂದು ಕಡೆ ಹೊಸದು ಎಬ್ಬಿಸಬಹುದು. ಡೊಮೇನ್ ಕೈಯಲ್ಲಿ ಇಲ್ಲದಿದ್ದರೆ ಜನ ಅಲ್ಲಿಗೆ ಬರುವುದು ಹೇಗೆ? ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವುದು) ಬದಲಿಸಬೇಕೆಂದರೆ ಸತ್ತ ಪ್ಯಾನೆಲ್‌ಗೇ ಹೋಗಬೇಕು. ಹೂಈಸ್‌ನಲ್ಲಿ ನೋಡಿದರೆ ಡೊಮೇನ್ ನಮ್ಮ ಹೆಸರಿನಲ್ಲೇ ಇಲ್ಲ, ಕಂಪನಿಯ ಹೆಸರಿನಲ್ಲಿದೆ. ಕೊನೆಗೆ ಅದರ ಹಿಂದಿದ್ದ ನಿಜವಾದ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಯಾರು ಅಂತ ಹುಡುಕಿ, ದುಡ್ಡು ಕಟ್ಟಿದ ರಸೀದಿ, ಹಳೇ ಮೇಲ್ ಎಲ್ಲ ಕಳಿಸಿದೆವು. ಡಾಟ್ ಕಾಮ್‌ನಂಥ ಡೊಮೇನ್‌ಗಳಲ್ಲಿ ಹೆಸರಿನ ಮಾಲೀಕ ಕೇಳಿದರೆ ರಿಜಿಸ್ಟ್ರಾರ್ 5 ದಿನದೊಳಗೆ ವರ್ಗಾವಣೆಯ ಕೋಡ್ ಕೊಡಬೇಕು ಅಂತ ಡೊಮೇನ್ ಹೆಸರುಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಸಂಸ್ಥೆಯ ನಿಯಮ ಇದೆ. ಆದರೆ ಕಾಗದದ ಮೇಲೆ ಮಾಲೀಕರು ನಾವಲ್ಲವಲ್ಲ! ನಾವೇ ಅಂತ ಸಾಬೀತು ಮಾಡುವುದರಲ್ಲೇ ಹೊತ್ತು ಹೋಯಿತು. ಡೊಮೇನ್ ಸಿಕ್ಕಿತು, ಆದರೆ ಅಷ್ಟರಲ್ಲಿ ಅರ್ಧ ಜನ ತಾಣ ಮುಚ್ಚಿದೆ ಅಂದುಕೊಂಡು ಪುಸ್ತಕ ತಮ್ಮಲ್ಲೇ ಇಟ್ಟುಕೊಂಡಿದ್ದರು. ಕೆಲವು ಇನ್ನೂ ಬಂದಿಲ್ಲ.

ಆ 99.9% ಅಪ್‌ಟೈಮ್ ಏನಾಯಿತು ಅಂತ ಕೇಳಬೇಡಿ. 30 ದಿನದ ತಿಂಗಳಲ್ಲಿ ಅದರ ಪ್ರಕಾರ ನಿಲ್ಲಬಹುದಾದದ್ದು 43 ನಿಮಿಷ. ಅದನ್ನು ಮೀರಿದರೆ ಕೊಡುವುದು ನಿಂತಷ್ಟು ಹೊತ್ತಿನ ಬಾಡಿಗೆ, ಅದೂ ಮುಂದಿನ ಬಿಲ್‌ನಲ್ಲಿ ಕಳೆದು. ತಿಂಗಳ ಬಾಡಿಗೆಯೇ ಚಿಲ್ಲರೆ ಆಗಿರುವಾಗ ಒಂದು ದಿನದ್ದು, ಅಂದರೆ ಅದರ ಮೂವತ್ತನೇ ಒಂದು ಪಾಲು, ಎಷ್ಟಾಗುತ್ತದೆ? ಮುಂದಿನ ಬಿಲ್ ಕಳಿಸಲಾದರೂ ಯಾರಾದರೂ ಇರಬೇಕಲ್ಲ. ಕಾರ್ಡ್ ಬ್ಯಾಂಕ್‌ಗೆ ದೂರು ಕೊಟ್ಟರೂ ಆಗಲಿಲ್ಲ. ಅಂಥ ದೂರಿನ ಗಡುವು ತಿಂಗಳುಗಳ ಲೆಕ್ಕದಲ್ಲಿರುತ್ತದೆ. ನಾವು ಕಟ್ಟಿದ್ದು ವರ್ಷಗಳ ಲೆಕ್ಕದಲ್ಲಿ. ಮೂರು ವರ್ಷದ ಆಫರ್ ಯಾಕೆ ಅಷ್ಟು ಅಗ್ಗ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಹಾಗಾದರೆ ಅಗ್ಗದ ಸರ್ವರ್ ಮುಟ್ಟಲೇಬಾರದಾ? ಹಾಗೇನಿಲ್ಲ. ಲಿನಕ್ಸ್ ಕಲಿಯಲು, ಏನಾದರೂ ಪ್ರಯೋಗ ಮಾಡಲು, ನಿಮ್ಮ ಮುಖ್ಯ ತಾಣ ಎದ್ದಿದೆಯಾ ಅಂತ ಹೊರಗಿನಿಂದ ನೋಡಿಕೊಂಡಿರಲು, ಎರಡನೇ ಡಿಎನ್‌ಎಸ್‌ಗೆ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಅದು ಚೆನ್ನಾಗಿಯೇ ಒದಗುತ್ತದೆ. ನನ್ನ ಹತ್ತಿರ ಈಗಲೂ ಒಂದು ಇದೆ. ಐಪಿವಿ4 ಇಲ್ಲ, ಬರೀ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ), 512 ಎಂಬಿ ರ‍್ಯಾಮ್, ಬ್ಯಾಕಪ್ ಇಲ್ಲ ಅಂತ ಮೊದಲೇ ಬರೆದಿದ್ದಾರೆ. ಇಂಥ ಮಾರಾಟಗಾರರ ಮೇಲೆ ನನಗೆ ಗೌರವ ಇದೆ. ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ಟುತ್ತೇನೆ.

ತಗೊಳ್ಳುವ ಮುಂಚೆ ಅವರ ನಿಯಮಗಳ ಪುಟದಿಂದ ಒಂದು ಉದ್ದ ಸಾಲು ಎತ್ತಿ ಇಂಟರ್ನೆಟ್‌ನಲ್ಲಿ ಹುಡುಕಿ ನೋಡಿ. ನಮ್ಮ ಕಂಪನಿಯ ಸಾಲು ಹಾಕಿದಾಗ ಹೊಸ ಹೆಸರಿನ ಇನ್ನೊಂದು ಕಂಪನಿ ಸಿಕ್ಕಿತು. ಅದೇ ಪುಟ, ಕಾಗುಣಿತದ ತಪ್ಪುಗಳ ಸಮೇತ.

ಈಗಾಗಲೇ ದುಡ್ಡು ಕಟ್ಟಿ ಕೂತಿದ್ದರೆ, ಪ್ಯಾನೆಲ್ ತೆರೆಯುತ್ತಿರುವಾಗಲೇ ಡೊಮೇನ್ ಯಾರ ಹೆಸರಿನಲ್ಲಿದೆ ಅಂತ ನೋಡಿ. ವರ್ಗಾವಣೆ ಕೋಡ್ ತೆಗೆದು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಿ. ಸರ್ವರ್‌ನ ಡಂಪನ್ನು ಹೊರಗೆ ತಂದು, ಇನ್ನೊಂದು ಮೆಷಿನ್‌ನಲ್ಲಿ ಹಾಕಿ ತೆರೆದು ನೋಡಿ. ನಾವು ಉಳಿಸಿಕೊಂಡ ಡಂಪನ್ನು ಹೊಸ ಸರ್ವರ್‌ಗೆ ಹಾಕಿದಾಗ ಇಂಗ್ಲಿಷ್ ಅಲ್ಲದ ಹೆಸರುಗಳೆಲ್ಲ ಬರೀ ಪ್ರಶ್ನೆ ಚಿಹ್ನೆಗಳಾಗಿ ಬಂದವು. ಡೇಟಾಬೇಸ್‌ನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಉಳಿಸಿಡುವ ಬಗೆ) ಯುಟಿಎಫ್8ಎಂಬಿ4 ಮಾಡಿ ಮತ್ತೆ ಹಾಕಿದ ಮೇಲೆ ಸರಿಹೋಯಿತು.