ಸಾವಿರಾರು ಶೆಡ್ ಪ್ಲಾನ್‌ಗಳ ಕಟ್ಟು ಕೊಳ್ಳಬೇಡಿ

ಹಿತ್ತಲಲ್ಲಿ ಮರದ ಶೆಡ್ ಕಟ್ಟಬೇಕು ಅಂತ ಪ್ಲಾನ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. "ಸಾವಿರಾರು ಪ್ಲಾನ್‌ಗಳು ಒಂದೇ ಕಟ್ಟಿನಲ್ಲಿ, ಇವತ್ತು ಮಾತ್ರ ಈ ಬೆಲೆ" ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರಲ್ಲ, ಅದನ್ನು ಕೊಳ್ಳಬೇಡಿ. ನಾನು ಕೊಂಡೆ. ಪ್ಲಾನಿಗೆ ಕೊಟ್ಟ ದುಡ್ಡು ಕಡಿಮೆಯೇ. ಅದರ ಪ್ರಕಾರ ಕೊಯ್ಯಿಸಿದ ಮರ ಹಾಳಾಯಿತಲ್ಲ, ಅದು ದೊಡ್ಡ ನಷ್ಟ.

ನಾನು ಆರಿಸಿದ್ದು 8 ಅಡಿ ಅಗಲ, 12 ಅಡಿ ಉದ್ದದ ಶೆಡ್. ಮುಖಪುಟದ ಫೋಟೊದಲ್ಲಿ ಜೋಡಿ ಬಾಗಿಲು, ಒಳಗಿನ ಚಿತ್ರದಲ್ಲಿ ಒಂಟಿ ಬಾಗಿಲು. ಒಂದು ಪುಟದ ಅಳತೆ ಇಂಚಿನಲ್ಲಿ, ಮುಂದಿನ ಪುಟದ್ದು ಮಿಲಿಮೀಟರಿನಲ್ಲಿ. ಎಲ್ಲೆಲ್ಲಿಂದಲೋ ಎತ್ತಿ ಅಂಟಿಸಿದ ಚಿತ್ರಗಳು. ಆದರೆ ಕೊಯ್ಯಬೇಕಾದ ತುಂಡುಗಳ ಪಟ್ಟಿ ಮಾತ್ರ ನೀಟಾಗಿತ್ತು, ಉದ್ದ ಎಷ್ಟು, ಎಷ್ಟು ತುಂಡು, ಎಲ್ಲಾ ಬರೆದಿತ್ತು. ಕೆಟ್ಟಿದ್ದು ಆ ಪಟ್ಟಿಯಿಂದಲೇ.

'ಎರಡು ನಾಲ್ಕು' (2 ಇಂಚು ದಪ್ಪ, 4 ಇಂಚು ಅಗಲ) ಅಂತ ಕರೆಯುವ ಮರ ನಯ ಮಾಡಿ ಮಾರಾಟಕ್ಕೆ ಬರುವಾಗ 1.5 ಇಂಚು ದಪ್ಪ, 3.5 ಇಂಚು ಅಗಲ ಇರುತ್ತದೆ, ಅಂದರೆ 38 ಮತ್ತು 89 ಮಿಲಿಮೀಟರ್. ಇದು ಮರದ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ವಿಷಯ. ಪ್ಲಾನ್ ಬರೆದವರು ಮಾತ್ರ ಪೂರ್ತಿ 4 ಇಂಚು ಅಂತಲೇ ಲೆಕ್ಕ ಹಾಕಿದ್ದರು. 8 ಅಡಿ ಅಂದರೆ 96 ಇಂಚು, ಅದರಲ್ಲಿ ಎರಡು ಉದ್ದಗೋಡೆಯ ದಪ್ಪ 8 ಇಂಚು ಕಳೆದು, ಅವುಗಳ ನಡುವೆ ಕೂರುವ ಅಡ್ಡಗೋಡೆಗೆ 88 ಇಂಚು ಅಂತ ಬರೆದಿದ್ದರು. ಒಂದೊಂದು ಗೋಡೆಗೆ 3.5ರಂತೆ 7 ಇಂಚು ಕಳೆದರೆ ನಿಜಕ್ಕೂ ಬೇಕಿದ್ದದ್ದು 89. ಗೋಡೆ ಎತ್ತಿ ನಿಲ್ಲಿಸಿದರೆ ಮೂಲೆಯಲ್ಲಿ 1 ಇಂಚಿನ ಸಂದು! ಉದ್ದ ಇದ್ದ ಮರವನ್ನು ಕೊಯ್ದು ಸರಿ ಮಾಡಬಹುದು, ಗಿಡ್ಡ ಆಗಿದ್ದನ್ನು ಏನು ಮಾಡುವುದು?

ನಿಲುಗಂಬಗಳನ್ನು 18 ಇಂಚಿಗೊಂದು ಇಡಿ ಅಂದಿತ್ತು. ಗೋಡೆಗೆ ಹೊಡೆಯುವ ಪ್ಲೈವುಡ್ ಹಾಳೆ 4 ಅಡಿ ಅಗಲ, ಅದರ ಅಂಚು ಬರುವುದು 48 ಇಂಚಿಗೆ. ಅಲ್ಲಿ ಕಂಬವೇ ಇಲ್ಲ, ಒಂದು 36ಕ್ಕಿದೆ, ಇನ್ನೊಂದು 54ಕ್ಕೆ. ಮೊಳೆ ಹೊಡೆಯುವುದು ಎಲ್ಲಿಗೆ? ಅದಕ್ಕೇ 16 ಅಥವಾ 24 ಇಂಚಿನ ಅಂತರ ಇಡುವುದು, ಎರಡೂ 48ಕ್ಕೆ ಸರಿಯಾಗಿ ಕೂರುತ್ತವೆ.

ಚಾವಣಿಯ ಕಥೆ ಇನ್ನೂ ಬೇಜಾರು. ಪಕಾಸಿಯ, ಅಂದರೆ ಚಾವಣಿ ಹೊರುವ ಓರೆ ಮರದ ಉದ್ದ 54 ಇಂಚು ಅಂತಿತ್ತು. ಅರ್ಧ ಅಗಲ 48 ಇಂಚು, ಗೋಡೆ ಮೇಲಿಂದ ನೆತ್ತಿಗೆ ಏರು 24 ಇಂಚು ಅಂತ ಲೆಕ್ಕ ಹಾಕಿದರೆ ನೆತ್ತಿಯಿಂದ ಗೋಡೆಯವರೆಗೆ ಅಷ್ಟೇ ಬರುತ್ತದೆ, ಆದರೆ ಸೂರಿಗೆ, ಅಂದರೆ ಗೋಡೆಯಿಂದ ಆಚೆ ಚಾಚುವ ಭಾಗಕ್ಕೆ, ಒಂದು ಇಂಚೂ ಉಳಿಯುವುದಿಲ್ಲ. 1 ಅಡಿ ಸೂರು ಬೇಕಾದರೆ ಸುಮಾರು 67 ಇಂಚು ಬೇಕು. ಚಿತ್ರದಲ್ಲಿ ಚೆಂದದ ಸೂರು ಇದೆ, ಪಟ್ಟಿಯಲ್ಲಿ ಇಲ್ಲ. ಸೂರಿಲ್ಲದಿದ್ದರೆ ಮಳೆನೀರು ನೇರ ಗೋಡೆ ಮೇಲೆ ಇಳಿಯುತ್ತದೆ, ಮರ ಕೊಳೆಯುತ್ತದೆ.

ತಳಪಾಯದ ಬಗ್ಗೆ ಇದ್ದದ್ದು ಒಂದೇ ಸಾಲು, "ನಿಮ್ಮ ನೆಲಕ್ಕೆ ಹೊಂದುವಂತೆ ಮಾಡಿಕೊಳ್ಳಿ". ಮರ ಮಣ್ಣಿಗೆ ತಾಗಬಾರದು ಅಂತಲೂ ಇಲ್ಲ, ಗಾಳಿಗೆ ಶೆಡ್ ಏಳದ ಹಾಗೆ ನೆಲಕ್ಕೆ ಬಿಗಿಯುವುದು ಹೇಗೆ ಅಂತಲೂ ಇಲ್ಲ.

ಮಾರಿದವರಿಗೆ ಚಿತ್ರ, ಲೆಕ್ಕ ಎಲ್ಲಾ ಕಳಿಸಿದೆ. "ಇವು ಸಾಮಾನ್ಯ ಮಾರ್ಗದರ್ಶನಕ್ಕೆ ಮಾತ್ರ" ಅನ್ನುವ ಉತ್ತರ ಬಂತು, ದುಡ್ಡು ಬರಲಿಲ್ಲ. ಕೊಯ್ಯುವ ಪಟ್ಟಿ ಅಂತ ಮಾರಿ, ಕೊಯ್ದ ಮೇಲೆ ಮಾರ್ಗದರ್ಶನ ಅನ್ನುವುದು ನ್ಯಾಯವಾ?

ಹಾಗಾದರೆ ಯಾವುದನ್ನು ಕೊಳ್ಳಬೇಕು? ಒಂದೇ ಶೆಡ್ಡಿನ ಪೂರ್ತಿ ಪ್ಲಾನ್ ಕೊಡುವವರ ಹತ್ತಿರ ಕೊಳ್ಳಿ, ಸಂಖ್ಯೆ ಜಾಸ್ತಿ ಇದ್ದರೆ ಏನೂ ಲಾಭ ಇಲ್ಲ. ದುಡ್ಡು ಕೊಡುವ ಮೊದಲು ಮಾದರಿ ಪುಟ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ನಾಲ್ಕೂ ಬದಿಯ ನೋಟ, ಮಧ್ಯೆ ಕೊಯ್ದು ತೋರಿಸಿದ ಚಿತ್ರ, ತಳಪಾಯ, ಪಕಾಸಿ ಗೋಡೆ ಮೇಲೆ ಕೂರುವ ಜಾಗದ ದೊಡ್ಡ ಚಿತ್ರ, ಇಷ್ಟೂ ಇರಲೇಬೇಕು. ಆಮೇಲೆ ಅಡ್ಡಗೋಡೆಯ ಉದ್ದ ಮತ್ತು ಪಕಾಸಿಯ ಉದ್ದ ಎರಡನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ, ಆ ಎರಡು ಸರಿ ಬಂದರೆ ಬರೆದವರು ನಿಜವಾಗಿ ಯೋಚಿಸಿ ಬರೆದಿದ್ದಾರೆ ಅಂತ ಸುಮಾರಾಗಿ ನಂಬಬಹುದು. ಎಷ್ಟು ದೊಡ್ಡ ಶೆಡ್ಡಿಗೆ ಅನುಮತಿ ಬೇಕು, ಬೇಲಿಯಿಂದ ಎಷ್ಟು ದೂರ ಇರಬೇಕು ಅನ್ನುವುದು ಒಂದೊಂದು ಊರಲ್ಲಿ ಒಂದೊಂದು ಥರ, ಅದನ್ನು ಯಾವ ಪ್ಲಾನೂ ಹೇಳುವುದಿಲ್ಲ, ನೀವೇ ವಿಚಾರಿಸಬೇಕು.

ಮತ್ತೆ, ಆ ಕಟ್ಟನ್ನು ಸುಮ್ನೆ ನೋಡೋಕೆ ಕಳಿಸಿ ಅಂತ ಕೆಲವರು ಕೇಳಿದ್ದಾರೆ. ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ನೋಡಿ ಇನ್ನೊಬ್ಬರು ಮರ ಕೊಯ್ಯಿಸುವುದು ನನಗೆ ಇಷ್ಟವಿಲ್ಲ.