ನಾಕ್ಸೋಸ್ ಬಂದರಿನ ದಂಡೆಯಲ್ಲಿ ಮಾದಲದೆಲೆಯ ಕಾಕ್‌ಟೇಲ್

ಗ್ರೀಸಿನ ಸೈಕ್ಲಡೀಸ್ ದ್ವೀಪಗಳಲ್ಲೆಲ್ಲ ದೊಡ್ಡದಾದ ನಾಕ್ಸೋಸ್‌ನ ಬಂದರುಪಟ್ಟಣ ಹೋರಾದಲ್ಲಿ, ಹಡಗುಕಟ್ಟೆಯಿಂದ ದಕ್ಷಿಣಕ್ಕೆ ಸಾಗುವ ಕಡಲದಂಡೆಯುದ್ದಕ್ಕೂ ಊಟದ ಮನೆಗಳು, ಕಾಫಿ ಅಂಗಡಿಗಳು, ಬಾರ್‌ಗಳು ಒಂದರ ಪಕ್ಕ ಒಂದು ಸಾಲುಗಟ್ಟಿವೆ. ಇವುಗಳ ನಡುವೆ ಇರುವ ಒಂದು ಕಾಕ್‌ಟೇಲ್ ಬಾರ್ ಕುರಿತು ವಿವರವಾಗಿ ಬರೆಯಬೇಕೆನಿಸಿದ್ದಕ್ಕೆ ಕಾರಣ ಅಲ್ಲಿಂದ ಕಾಣುವ ಸೂರ್ಯಾಸ್ತವಲ್ಲ. ಆ ನೋಟ ದಂಡೆಯ ಯಾವ ಕುರ್ಚಿಯಲ್ಲಿ ಕುಳಿತರೂ ಸಿಗುತ್ತದೆ. ನಾಕ್ಸೋಸ್‌ನದೇ ಆದ ಕಿತ್ರೋನ್ ಎಂಬ ಮದ್ಯವನ್ನು ಪ್ರವಾಸಿಗರಿಗೆ ತೋರಿಸುವ ಬಣ್ಣದ ಬಾಟಲಿಯಾಗಿ ಕಪಾಟಿನಲ್ಲಿಡದೆ, ಅದರ ಗುಣವನ್ನು ಬಲ್ಲವರು ಅದನ್ನು ಶ್ರದ್ಧೆಯಿಂದ ಗ್ಲಾಸಿಗೆ ತರುವ ಜಾಗ ಇದು. ದ್ವೀಪದಲ್ಲಿ ನಾವು ಕುಡಿದ ಪಾನೀಯಗಳಲ್ಲಿ ಇವರು ಮಾಡಿಕೊಟ್ಟಷ್ಟು ಹದವಾದದ್ದು ಬೇರೆಲ್ಲಿಯೂ ಸಿಗಲಿಲ್ಲ.

ಕಿತ್ರೋನ್ ತಯಾರಾಗುವುದು ನಿಂಬೆಯ ಜಾತಿಗೆ ಸೇರಿದ ಮಾದಲದ ಮರದ ಎಲೆಗಳಿಂದ. ಹಣ್ಣಿನ ದಪ್ಪ ಸಿಪ್ಪೆಯನ್ನು ಗ್ರೀಕರು ಸಕ್ಕರೆ ಪಾಕದಲ್ಲಿ ಬೇಯಿಸಿ, ಅತಿಥಿಗಳಿಗೆ ಚಮಚದಲ್ಲಿ ಕೊಡುವ ಸಿಹಿಯಾಗಿ ಮಾಡುತ್ತಾರೆ. ಎಲೆಗಳನ್ನು ಮದ್ಯಸಾರದೊಂದಿಗೆ ಭಟ್ಟಿ ಇಳಿಸುತ್ತಾರೆ. ದ್ವೀಪದ ಒಳನಾಡಿನ ಹಾಲ್ಕಿ ಎಂಬ ಹಳ್ಳಿಯಲ್ಲಿ 1896ರಲ್ಲಿ ಆರಂಭವಾದ ವಲ್ಲಿಂದ್ರಾಸ್ ಕುಟುಂಬದ ಭಟ್ಟಿಮನೆ ಇಂದಿಗೂ ಕೆಲಸ ಮಾಡುತ್ತಿದ್ದು, ಅಲ್ಲಿನ ತಾಮ್ರದ ಹಂಡೆಯನ್ನು ನೋಡಲು ಜನ ಬರುತ್ತಾರೆ. ಮದ್ಯದಲ್ಲಿ ಮೂರು ಬಗೆಗಳಿವೆ. ಹಸಿರು ಬಣ್ಣದ್ದರಲ್ಲಿ ಸಿಹಿ ಹೆಚ್ಚು, ಮದ್ಯಸಾರ ಕಡಿಮೆ. ಹಳದಿಯದರಲ್ಲಿ ಸಕ್ಕರೆ ಕಡಿಮೆ, ಮದ್ಯಸಾರ ಹೆಚ್ಚು. ಬಣ್ಣವಿಲ್ಲದ್ದು ಇವೆರಡರ ನಡುವಿನದು. ದಂಡೆಯ ಹಲವು ಬಾರ್‌ಗಳಲ್ಲಿ ನೋಟಕ್ಕೆ ಚೆನ್ನಾಗಿರುತ್ತದೆಂದು ಹಸಿರು ಕಿತ್ರೋನನ್ನೇ ಎಲ್ಲದಕ್ಕೂ ಸುರಿಯುತ್ತಾರೆ. ಅದಕ್ಕೆ ಸಕ್ಕರೆ ಪಾಕವೂ ಸೇರಿದಾಗ ಬಾಯಲ್ಲಿ ಉಳಿಯುವುದು ಔಷಧದ ಸಿರಪ್ಪಿನಂಥ ಅಂಟುಸಿಹಿ ಮಾತ್ರ. ಈ ಬಾರಿನಲ್ಲಿ ಮೂರು ಬಗೆಗಳನ್ನೂ ಬೇರೆ ಬೇರೆ ಕೆಲಸಕ್ಕೆ ಬಳಸುತ್ತಾರೆ, ಯಾವ ಪಾನೀಯದಲ್ಲಿ ಯಾವುದಿದೆ ಎಂಬುದನ್ನು ಮೆನುವಿನಲ್ಲಿಯೇ ಬರೆದಿದ್ದಾರೆ.

ಮೊದಲು ತರಿಸಿಕೊಂಡದ್ದು ಕಿತ್ರೋನ್ ಸವರ್ ಎಂಬ ಹುಳಿರುಚಿಯ ಕಾಕ್‌ಟೇಲ್. ನಾವು ಕುಳಿತದ್ದು ಒಳಗೆ, ಬಾರ್‌ಕಟ್ಟೆಯ ಎದುರಿನ ಎತ್ತರದ ಸ್ಟೂಲ್‌ಗಳಲ್ಲಿ. ಹಾಗಾಗಿ ಅದನ್ನು ಮಾಡುವ ಕ್ರಮವನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು. ಬಾರ್‌ಟೆಂಡರ್ ಯುವತಿ ಬಣ್ಣವಿಲ್ಲದ ಕಿತ್ರೋನ್ ಮತ್ತು ಜಿನ್ ಎರಡನ್ನೂ ಅಳತೆಯ ಬಟ್ಟಲಿನಲ್ಲಿ ಅಳೆದು ಶೇಕರಿಗೆ ಹಾಕಿ, ಆಗಷ್ಟೇ ಹಿಂಡಿದ ನಿಂಬೆರಸವನ್ನು ಸೇರಿಸಿ, ಸಕ್ಕರೆ ಪಾಕವನ್ನು ಮುಟ್ಟಲೇ ಇಲ್ಲ. ಕೇಳಿದಾಗ, ಕಿತ್ರೋನಿನ ಒಳಗಿನ ಸಿಹಿಯೇ ಸಾಕೆಂದು ತಿಳಿಸಿದಳು. ನೊರೆಗಾಗಿ ಮೊಟ್ಟೆಯ ಬಿಳಿಭಾಗವನ್ನು ಹಾಕುವುದು ಅಲ್ಲಿನ ರೂಢಿ. ನಾವು ಮೊಟ್ಟೆ ತಿನ್ನುವುದಿಲ್ಲ ಎಂದಾಗ ಮುಖ ಸಿಂಡರಿಸದೆ, ಕಡಲೆ ಬೇಯಿಸಿದ ನೀರನ್ನು ತುಂಬಿಟ್ಟಿದ್ದ ಶೀಶೆಯನ್ನು ಫ್ರಿಜ್ಜಿನಿಂದ ತೆಗೆದಳು. ಮೊದಲು ಮಂಜುಗಡ್ಡೆಯಿಲ್ಲದೆ ಒಮ್ಮೆ, ಅನಂತರ ಮಂಜುಗಡ್ಡೆಯೊಂದಿಗೆ ಇನ್ನೊಮ್ಮೆ ಜೋರಾಗಿ ಕುಲುಕಿ, ಸಣ್ಣ ಜಾಲರಿಯಲ್ಲಿ ಸೋಸಿ, ಮೊದಲೇ ತಣ್ಣಗಾಗಿಸಿಟ್ಟಿದ್ದ ಗ್ಲಾಸಿಗೆ ಇಳಿಸಿದಳು. ಕೊನೆಗೆ ಮಾದಲದ ಒಂದು ಎಲೆಯನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಪಟ್ಟೆಂದು ತಟ್ಟಿ ನೊರೆಯ ಮೇಲಿಟ್ಟಾಗ, ಕುಡಿಯುವ ಮೊದಲೇ ಎಲೆಯ ಗಮ ಮೂಗಿಗೆ ಬಡಿಯಿತು. ಮೊದಲ ಗುಟುಕಿನಲ್ಲಿ ಹುಳಿ, ಅದರ ಹಿಂದೆ ಹಸಿ ಎಲೆಯ ತೆಳುವಾದ ಕಹಿ, ಗಂಟಲಿಗೆ ಇಳಿದ ಮೇಲೆ ಉಳಿಯುವ ಸಣ್ಣ ಸಿಹಿ: ಮೂರೂ ಬೇರೆ ಬೇರೆಯಾಗಿ ಗೊತ್ತಾಗುವಂತಿದ್ದವು. ನೊರೆಯೂ ಕೊನೆಯ ಗುಟುಕಿನವರೆಗೆ ಒಡೆಯದೆ ನಿಂತಿತ್ತು.

ಹಳದಿ ಕಿತ್ರೋನಿಗೆ ಟಾನಿಕ್ ನೀರು ಬೆರೆಸಿ, ಉದ್ದನೆಯ ಗ್ಲಾಸಿನಲ್ಲಿ ಒಂದು ರೋಸ್‌ಮರಿ ಕಡ್ಡಿಯೊಂದಿಗೆ ಕೊಡುವ ಪಾನೀಯ ಇದಕ್ಕಿಂತ ಸರಳವಾದದ್ದು. ಸೆಕೆಯ ಸಂಜೆಗೆ ಇದನ್ನೇ ಮೊದಲು ಕೇಳುವುದು ಒಳ್ಳೆಯದು. ಹಿಯೋಸ್ ದ್ವೀಪದ ಮರಗಳಿಂದ ಒಸರುವ ಅಂಟಿನಿಂದ ಮಾಡುವ ಮಸ್ತಿಹಾ ಮದ್ಯವನ್ನು ಸೌತೆಕಾಯಿ ಮತ್ತು ತುಳಸಿಜಾತಿಯ ಬೇಸಿಲ್ ಎಲೆಯೊಂದಿಗೆ ಬೆರೆಸಿದ ಮತ್ತೊಂದು ಕಾಕ್‌ಟೇಲ್ ನಮ್ಮ ಜೊತೆಯವರಿಗೆ ಬಹಳ ಹಿಡಿಸಿತು. ನನಗೆ ಅದರಲ್ಲಿ ಮಸ್ತಿಹಾದ ರಾಳದ ವಾಸನೆ ಉಳಿದೆಲ್ಲವನ್ನೂ ನುಂಗಿಹಾಕಿದಂತೆ ತೋರಿತು. ಮದ್ಯ ಸೇವಿಸದವರಿಗಾಗಿ ಇರುವ ಎರಡು ಪಾನೀಯಗಳು ಮಾತ್ರ ನಿರಾಶೆಗೊಳಿಸುತ್ತವೆ. ಇಷ್ಟು ಕಾಳಜಿಯಿಂದ ಕೆಲಸ ಮಾಡುವವರು ಅಂಥ ಅತಿಥಿಗೆ ಹಣ್ಣಿನ ರಸಕ್ಕೆ ಸೋಡಾ ಸುರಿದು ಕೊಟ್ಟು ಸುಮ್ಮನಾಗಬಾರದಿತ್ತು. ಮಾದಲದ ಸಿಪ್ಪೆ, ಪಾಕ, ಎಲೆ ಎಲ್ಲವೂ ಕೈಗೆಟುಕುವಲ್ಲೇ ಇರುವಾಗ ಅವರಿಗೂ ಒಂದು ಒಳ್ಳೆಯ ಪಾನೀಯವನ್ನು ರೂಪಿಸುವುದು ಕಷ್ಟವೇನಲ್ಲ.

ಕಾಕ್‌ಟೇಲ್ ಒಂದಕ್ಕೆ 13 ಯೂರೋ. ಅದರೊಂದಿಗೆ ತಣ್ಣನೆಯ ನೀರು, ಉಪ್ಪುಹಾಕಿ ಹುರಿದ ಬೀಜಗಳು ಮತ್ತು ಆಲಿವ್ ಕಾಯಿಗಳ ಬಟ್ಟಲು ಕೇಳದೆಯೇ ಬರುತ್ತವೆ, ಅವುಗಳಿಗೆ ಬೇರೆ ಹಣವಿಲ್ಲ. ತಿನ್ನಲು ಹೆಚ್ಚಿನ ಆಯ್ಕೆಗಳಿಲ್ಲವಾದರೂ, ನಾಕ್ಸೋಸ್‌ನ ಗ್ರಾವಿಯೇರಾ ಚೀಸಿನ ತಟ್ಟೆಯನ್ನು ತಪ್ಪದೆ ತರಿಸಿಕೊಳ್ಳಬೇಕು. ಹೆಚ್ಚಾಗಿ ಹಸುವಿನ ಹಾಲಿನಿಂದ ಮಾಡುವ ಈ ಗಟ್ಟಿ ಚೀಸಿನ ಉಪ್ಪು ಮತ್ತು ಎಣ್ಣೆಯಂಶ ಕಿತ್ರೋನಿನ ಹುಳಿಗೆ ಚೆನ್ನಾಗಿ ಹೊಂದುತ್ತದೆ. ಗ್ರೀಸಿನ ಬಹುತೇಕ ಕಡೆಗಳಂತೆ ಇಲ್ಲಿಯೂ ಪ್ರತಿ ಬಾರಿ ಪಾನೀಯ ಬಂದಾಗ ಅದರ ರಸೀದಿಯನ್ನು ಸುರುಳಿ ಸುತ್ತಿ ಮೇಜಿನ ಮೇಲಿನ ಪುಟ್ಟ ಗ್ಲಾಸಿನಲ್ಲಿ ಸಿಕ್ಕಿಸಿ ಹೋಗುತ್ತಾರೆ. ರಸೀದಿ ಕೊಡದಿದ್ದರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂಬ ಸೂಚನೆಯನ್ನು ಅಲ್ಲಿನ ಅಂಗಡಿಗಳು ತೂಗುಹಾಕಿರುತ್ತವೆ. ಹೀಗಾಗಿ ಎದ್ದು ಹೊರಡುವಾಗ ಲೆಕ್ಕದ ಗೊಂದಲವಿರುವುದಿಲ್ಲ. ನಮೂದಿಸಿದ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಟಿಪ್ಸ್ ಕೊಡಲೇಬೇಕೆಂಬ ಒತ್ತಾಯವಿಲ್ಲ. ಮೊತ್ತವನ್ನು ಮುಂದಿನ ಪೂರ್ಣಾಂಕಕ್ಕೆ ಏರಿಸಿ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ನನ್ನ ಆಕ್ಷೇಪ ಇರುವುದು ನೀರಿನಂಚಿನ ಮೊದಲ ಸಾಲಿನ ಬಗ್ಗೆ. ಬಂದರಿನ ವಾಯವ್ಯ ತುದಿಯಲ್ಲಿರುವ ಪಾಲಾತಿಯಾ ಎಂಬ ಸಣ್ಣ ನಡುಗಡ್ಡೆಯ ಮೇಲೆ, ಕ್ರಿ.ಪೂ. 6ನೆಯ ಶತಮಾನದಲ್ಲಿ ಲಿಗ್ಡಾಮಿಸ್ ಆಳುತ್ತಿದ್ದಾಗ ಕಟ್ಟಲು ಆರಂಭಿಸಿ ಪೂರ್ಣಗೊಳ್ಳದೆ ಉಳಿದ ದೇವಾಲಯದ ಅಮೃತಶಿಲೆಯ ಬಾಗಿಲುವಾಡವೊಂದೇ ಇಂದಿಗೂ ನಿಂತಿದೆ. ಪೋರ್ತಾರಾ ಎಂದು ಕರೆಯುವ ಈ ಬಾಗಿಲುವಾಡ ಸಂಜೆಯ ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಲು ಜುಲೈ ತಿಂಗಳಲ್ಲಿ ಎಂಟು ಗಂಟೆಯಿಂದಲೇ ಜನ ಸೇರುತ್ತಾರೆ. ಆ ಹೊತ್ತಿಗೆ ಮೊದಲ ಸಾಲಿನಲ್ಲಿ ಕುಳಿತವರು ತಲಾ ಇಂತಿಷ್ಟು ಯೂರೋ ಖರ್ಚು ಮಾಡಲೇಬೇಕೆಂಬ ನಿಯಮವನ್ನು ಬಾರಿನವರು ಇಟ್ಟುಕೊಂಡಿದ್ದಾರೆ. ನಿಯಮವಿರುವುದು ತಪ್ಪಲ್ಲ. ಆದರೆ ಅಲ್ಲಿಗೆ ಬಂದ ವೃದ್ಧ ದಂಪತಿಗೆ ಇದನ್ನು ತಿಳಿಸಿದ್ದು ಅವರು ಕುಳಿತು, ಚೀಲಗಳನ್ನು ಇಳಿಸಿ, ಕಾಫಿ ಕೇಳಿದ ಮೇಲೆ. ಅವರು ಎದ್ದು ಹೋದದ್ದನ್ನು ನೋಡಿ ನಮಗೆ ಬೇಸರವಾಯಿತು. ಮೆನುವಿನಲ್ಲಿ ಒಂದು ಸಾಲು ಬರೆದಿದ್ದರೆ, ಅಥವಾ ಕುರ್ಚಿ ತೋರಿಸುವಾಗಲೇ ಹೇಳಿದ್ದರೆ, ಯಾರಿಗೂ ಮುಜುಗರವಾಗುತ್ತಿರಲಿಲ್ಲ.

ಆ ಸಾಲು ಪಾನೀಯಕ್ಕೂ ಒಳ್ಳೆಯದಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ದಿನಗಟ್ಟಲೆ ನಿಲ್ಲುವುದಿಲ್ಲ. ದಂಡೆಯ ಅಂಚಿನಲ್ಲಿ ಕುಳಿತವರ ಕರವಸ್ತ್ರ ಹಾರಿಹೋಗುತ್ತದೆ, ಗ್ಲಾಸಿನ ನೊರೆಯ ಮೇಲಿಟ್ಟ ಎಲೆ ಮಡಿಲಿಗೆ ಬೀಳುತ್ತದೆ, ಅಲೆ ಕಟ್ಟೆಗೆ ಬಡಿದಾಗಲೆಲ್ಲ ಉಪ್ಪುನೀರಿನ ಹನಿ ಮುಖಕ್ಕೆ ಸಿಡಿಯುತ್ತದೆ. ಹೊರಗೆ ಧೂಮಪಾನಕ್ಕೆ ಅವಕಾಶವಿರುವುದರಿಂದ ಪಕ್ಕದ ಮೇಜಿನ ಹೊಗೆಯೂ ನಿಮ್ಮ ಕಡೆಗೇ ಬರಬಹುದು. ಕಿತ್ರೋನಿನ ಮುಖ್ಯ ಗುಣವೇ ಅದರ ಸುವಾಸನೆಯಾಗಿರುವಾಗ, ಅದನ್ನು ಗಾಳಿಗೆ ಒಡ್ಡಿ ಕುಡಿಯುವುದರಲ್ಲಿ ಅರ್ಥವಿಲ್ಲ. ಸೂರ್ಯಾಸ್ತವನ್ನು ಪಾಲಾತಿಯಾಕ್ಕೆ ಹೋಗುವ ಕಾಲುದಾರಿಯ ಮೇಲೆ ನಿಂತು ಪುಕ್ಕಟೆಯಾಗಿ ನೋಡಿ, ಒಂಬತ್ತರ ನಂತರ ಬಾರಿನ ಒಳಗೆ ಬಂದು ಕಟ್ಟೆಯ ಎದುರು ಕುಳಿತುಕೊಳ್ಳಿ ಎಂಬುದು ನನ್ನ ಸಲಹೆ. ತೆರೆದ ಬಾಗಿಲುಗಳ ಮೂಲಕ ಮೀನುದೋಣಿಗಳ ದೀಪಗಳೂ ಕತ್ತಲಾದ ಮೇಲೆ ಬೆಳಗುವ ಪೋರ್ತಾರಾವೂ ಅಲ್ಲಿಂದಲೇ ಕಾಣುತ್ತವೆ. ಹನ್ನೊಂದರ ಬಳಿಕ ಮಾತ್ರ ಸಂಗೀತದ ಸದ್ದನ್ನು ಮಾತು ಕೇಳಿಸದಷ್ಟು ಏರಿಸುತ್ತಾರೆ. ಹರಟೆಗೆಂದು ಬಂದವರು ಅಷ್ಟರೊಳಗೆ ಏಳುವುದು ಲೇಸು.

ಥೀಸಿಯಸ್ ಎಂಬ ವೀರ ತೊರೆದುಹೋದ ರಾಜಕುಮಾರಿ ಅರಿಯಾಡ್ನೆಯನ್ನು ದ್ರಾಕ್ಷಾಮದ್ಯದ ದೇವತೆ ಡಯೊನೈಸಸ್ ಕಂಡು ವರಿಸಿದ್ದು ಇದೇ ದ್ವೀಪದಲ್ಲಿ ಎಂದು ಗ್ರೀಕ್ ಪುರಾಣ ಹೇಳುತ್ತದೆ. ದಂಡೆಯ ಮೆನುಗಳಲ್ಲಿ ಆ ಇಬ್ಬರ ಹೆಸರಿನ ಕಾಕ್‌ಟೇಲ್‌ಗಳಿಗೆ ಬರವಿಲ್ಲ. ಈ ಬಾರಿನವರು ಪುರಾಣದ ಆಸರೆ ಹಿಡಿಯದೆ, ಪಾನೀಯಗಳಿಗೆ ಅವುಗಳಲ್ಲಿರುವ ಪದಾರ್ಥಗಳ ಹೆಸರನ್ನೇ ಇಟ್ಟಿರುವುದು ನನಗೆ ಮೆಚ್ಚುಗೆಯಾಯಿತು. ಭಾಷೆ ಬಾರದ ಅತಿಥಿಗೂ ತಾನು ಏನು ಕುಡಿಯುತ್ತಿದ್ದೇನೆ ಎಂಬುದು ತಿಳಿಯುತ್ತದೆ.

ದಂಡೆಯ ಬಾರ್‌ಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಮುಚ್ಚಿರುತ್ತವೆ. ದಿನಗಳನ್ನು ಆರಿಸಿಕೊಳ್ಳುವ ಅನುಕೂಲವಿದ್ದವರು ಸೆಪ್ಟೆಂಬರ್ ಮಧ್ಯದ ನಂತರ ಹೋಗುವುದು ಮೇಲು: ಆಗ ಮೆಲ್ಟೆಮಿಯ ಬಿರುಸು ಇಳಿದಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಬಾರ್‌ಟೆಂಡರಿಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಬಿಡುವೂ ಇರುತ್ತದೆ.